ಬಿಳಿ ಬಣ್ಣದ ನಾಡಿ

ಮಂಗಲ್ಪಾಡಿ ಪಂಚಾಯತಿನ ಉಪ್ಪಳ ಪೇಟೆ. ಹೊರಗೆ ಆಟಿಯ ಮಳೆ. ಸೋಣ ತಿಂಗಳ ಮದುವೆಗೆ ಕಾಗದ ಮಾಡಿಸಲು ನೀವು ಡಿಟಿಪಿ ಅಂಗಡಿಯಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಪರದೆಯಲ್ಲಿ ಕುಂಕುಮ ಕಪ್ಪಾಗುತ್ತದೆ, ಅರಸಿನ ಹಸಿರಾಗುತ್ತದೆ. ಚಿತ್ರ ಕೆಟ್ಟಿತೆಂಬ ಗಾಬರಿ ಬೇಡ. ಬಿಳಿ ಇದ್ದ ಜಾಗ ಏನಾಗಿದೆ ನೋಡಿ. ತಿಳಿ ಹಸಿರುನೀಲಿಯಾಗಿದ್ದರೆ ಕೆಂಪು ಬಣ್ಣ ಪರದೆಯವರೆಗೆ ಬರುತ್ತಿಲ್ಲ, ಅಷ್ಟೆ.

ಮಾನಿಟರಿಗೆ ಗೊತ್ತಿರುವುದು ಮೂರೇ ಬಣ್ಣ: ಕೆಂಪು, ಹಸಿರು, ನೀಲಿ. ಮೂರೂ ತುಂಬ ಬೆಳಗಿದರೆ ಬಿಳಿ. ಕೆಂಪು, ಹಸಿರು ಕೂಡಿದರೆ ಹಳದಿ. ಅದರಿಂದ ಕೆಂಪನ್ನು ತೆಗೆದರೆ ಅರಸಿನ ಹಸಿರಾಗದೆ ಇನ್ನೇನಾದೀತು? ಹಸಿರು ಹೋದರೆ ಬಿಳಿ ಗಾಢ ಗುಲಾಬಿಯಾಗುತ್ತದೆ, ವೀಳ್ಯದೆಲೆ ಕಪ್ಪಿಡುತ್ತದೆ. ನೀಲಿ ಹೋದರೆ ಬಿಳಿಯೆಲ್ಲ ಹಳದಿ.

ಹಳೆಯ ಯಂತ್ರವಾದರೆ ಮೊದಲ ಗುಮಾನಿ ವಿಜಿಎ ಕೇಬಲಿನ ಮೇಲೆ. ಐಬಿಎಂ 1987ರಲ್ಲಿ ತಂದ ಈ ಜೋಡಣೆಯಲ್ಲಿ ಮೂರು ಸಾಲಿನಲ್ಲಿ 15 ಪಿನ್ನುಗಳ ಜಾಗ. 1ನೆಯದು ಕೆಂಪಿಗೆ, 2 ಹಸಿರಿಗೆ, 3 ನೀಲಿಗೆ. ಬಣ್ಣ ಸಾಗುವುದು ಹೆಚ್ಚೆಂದರೆ 0.7 ವೋಲ್ಟಿನಲ್ಲಿ. ಪಿನ್ನು ಬಾಗಿದರೆ, ಕಡಲ ಬದಿಯ ಉಪ್ಪುಗಾಳಿಗೆ ಕಿಲುಬು ಹಿಡಿದರೆ, ಆ ಒಂದು ಬಣ್ಣ ಸೊರಗುತ್ತದೆ. ಎರಡೂ ಕಡೆ ಸ್ವಿಚ್ ಆರಿಸಿ, ಕೇಬಲ್ ಕಳಚಿ, ಬೆಳಕಿಗೆ ಹಿಡಿದು ನೋಡಿ. ಮತ್ತೆ ಚುಚ್ಚಿ ಎರಡು ಸ್ಕ್ರೂಗಳನ್ನೂ ಬಿಗಿಮಾಡಿ. ಕೆಲವು ಕೇಬಲುಗಳಲ್ಲಿ 9ನೇ ಪಿನ್ನು ಮೊದಲೇ ಇರುವುದಿಲ್ಲ, ಮುರಿಯಿತೆಂದು ಎಸೆಯಬೇಡಿ.

ಎಚ್‌ಡಿಎಂಐ ಕೇಬಲ್ ಹಾಗಲ್ಲ. ಅದರಲ್ಲಿ ಬಣ್ಣ ಅಂಕಿಗಳಾಗಿ ಹೋಗುತ್ತದೆ. ಸಂಪರ್ಕ ಕೆಟ್ಟರೆ ಸಾಮಾನ್ಯವಾಗಿ ಚುಕ್ಕಿಗಳು ಮಿನುಗುತ್ತವೆ, ಇಲ್ಲವೇ ಚಿತ್ರವೇ ಮಾಯ. ಎಲ್ಲವೂ ಹದವಾಗಿ ಹಳದಿಯಾಗಿದ್ದರೆ ಯಾರೋ ನೈಟ್ ಲೈಟ್ ಒತ್ತಿರಬಹುದು. ಶಾಲೆಯ ಲಿನಕ್ಸಿನಲ್ಲೂ ಮನೆಯ ವಿಂಡೋಸಿನಲ್ಲೂ ಅದು ಇದೆ. ಟಿವಿಯನ್ನೇ ಮಾನಿಟರ್ ಮಾಡಿಕೊಂಡಾಗ ಕಪ್ಪು ಬೂದಿಯಂತೆ ಕಂಡರೆ, ಕಂಪ್ಯೂಟರ್ 0ಯಿಂದ 255ರ ಬದಲು 16ರಿಂದ 235ರ ಅಳತೆಯಲ್ಲಿ ಕಳಿಸುತ್ತಿರುವ ಸಾಧ್ಯತೆ ಹೆಚ್ಚು.

ದೋಷ ಯಾರದು ಎಂದು ತಿಳಿಯುವ ಪರೀಕ್ಷೆಗಳಲ್ಲಿ ನನಗೆ ಬಲು ಇಷ್ಟವಾದದ್ದು, ಕಾಸು ಕೇಳದ್ದು, ಒಂದಿದೆ. ಮಾನಿಟರಿನ ಗುಂಡಿ ಒತ್ತಿ ಅದರ ಮೆನು ತೆರೆಯಿರಿ. ಬಣ್ಣದ ಆಯ್ಕೆಗಳನ್ನು ಮೊದಲಿನ ಸ್ಥಿತಿಗೆ ತನ್ನಿ. ಆ ಮೆನುವನ್ನು ಬರೆಯುವುದು ಮಾನಿಟರೇ, ಕಂಪ್ಯೂಟರ್ ಅಲ್ಲ. ಅದರ ಅಕ್ಷರ ಬೆಳ್ಳಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ ಅಥವಾ ಕಂಪ್ಯೂಟರ್ ಕಡೆ ಹುಡುಕಿ. ಮೆನುವಿಗೂ ಬಣ್ಣ ಅಂಟಿದ್ದರೆ ಮಾನಿಟರಿನ ಒಳಗೇ ತೊಂದರೆ.

ಬಣ್ಣ ಪೂರ್ತಿ ಹೋದರೆ ಎಲ್ಲರಿಗೂ ಕಾಣುತ್ತದೆ. ಸ್ವಲ್ಪವೇ ಸೊರಗಿದರೆ ಕಣ್ಣು ಒಗ್ಗಿಕೊಂಡುಬಿಡುತ್ತದೆ. ಆಗ ಚಿತ್ರವನ್ನು ತಿದ್ದಲು ಹೊರಡುತ್ತೇವೆ: ಕೆಂಪು ಸಾಲದೆಂದು ಏರಿಸುತ್ತೇವೆ, ಅಚ್ಚಾಗಿ ಬಂದ ಐನೂರು ಕಾಗದದಲ್ಲೂ ವಧುವಿನ ಮುಖ ಕೆಂಡದಂತಿರುತ್ತದೆ. ಚಿತ್ರಕ್ಕೆ ಕೈ ಹಚ್ಚುವ ಮುಂಚೆ ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೋಡಿ.