ನಿಮಗಿದು ಗೊತ್ತೆ?: ಏರಿನಲ್ಲಿ ಕಾರು ಮುಕ್ಕರಿಸಿದರೆ

ಕಳಸದಿಂದ ಸಂಸೆ ದಾಟಿ ಕುದುರೆಮುಖದತ್ತ ಹೋಗುವಾಗ ಕಾರು ಎಳೆಯದಿದ್ದರೆ ಎಲ್ಲರ ಮೊದಲ ಅನುಮಾನ ಕ್ಲಚ್ ಮೇಲೆ. ಆದರೆ ಕ್ಲಚ್ ಸವೆದಿದ್ದರೆ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಎಷ್ಟು ತುಳಿದರೂ ಎಂಜಿನ್ನೇ ಮೇಲೇಳದಿದ್ದರೆ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು.

ಸೈಲೆನ್ಸರ್‌ಗೆ ಮೊದಲು ಕೂರುವ ಈ ಡಬ್ಬಿಯೊಳಗೆ ಜೇನುಗೂಡಿನಂತೆ ತೂತುತೂತಾದ ಪಿಂಗಾಣಿ; ಅದಕ್ಕೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಸೀಸ ತಾಗಿದರೆ ಲೇಪ ಕೆಟ್ಟಂತೆಯೇ. ಅದಕ್ಕೇ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಜೊತೆಗೇ ಬಂತು. ದೇಶಕ್ಕೆಲ್ಲ ಆ ಪೆಟ್ರೋಲ್ ಬಂದದ್ದು 2000ದಲ್ಲಿ.

ಡಬ್ಬಿ ತಾನಾಗಿ ಕಟ್ಟುವುದು ಕಡಿಮೆ. ಸ್ಪಾರ್ಕ್ ಪ್ಲಗ್ ಕೆಟ್ಟು, ಉರಿಯದ ಪೆಟ್ರೋಲ್ ಅಲ್ಲಿಗೆ ಬಂದು ಹೊತ್ತಿದರೆ ಪಿಂಗಾಣಿ ಕರಗಿ ದಾರಿ ಮುಚ್ಚುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಅಷ್ಟೇ. ಮೂಲ ಬಿಟ್ಟು ಡಬ್ಬಿ ಮಾತ್ರ ಬದಲಿಸಿದರೆ ಹೊಸದೂ ಹಾಳು, ದುಡ್ಡೂ ದಂಡ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಲಗಲ ಅಂದರೆ ಒಳಗೆ ಒಡೆದಿದೆ. ಖಚಿತವಾಗಬೇಕಾದರೆ ಮೆಕ್ಯಾನಿಕ್ ಡಬ್ಬಿಗೆ ಮೊದಲಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಅಲ್ಲಿಗೆ ಪ್ರೆಶರ್ ಗೇಜ್ ಹಾಕಿ ನೋಡಬೇಕು. ಸ್ಕ್ಯಾನರ್ ತೋರಿಸುವ ಪಿ0420 ಕೋಡ್ ಕೆಲಸ ಕುಗ್ಗಿದೆ ಎನ್ನುತ್ತದೆ, ಕಟ್ಟಿದೆ ಎಂದಲ್ಲ. ಡಬ್ಬಿ ಕಿತ್ತು ಬರೀ ಪೈಪ್ ಬೆಸೆಯುವ ಉಪಾಯ ಅಗ್ಗ, ಆದರೆ ಕಾನೂನುಬಾಹಿರ.

ಕಟ್ಟಿದ ಡಬ್ಬಿ ಕೆಂಪಗೆ ಕಾಯುವುದೂ ಉಂಟು. ಬೇಸಿಗೆಯಲ್ಲಿ ತೋಟದ ಸಿಲ್ವರ್ ಓಕ್ ತರಗೆಲೆಯ ಮೇಲೆ ಅಂಥ ಕಾರು ನಿಲ್ಲಿಸಬೇಡಿ.