ಹೊಳೆದಂಡೆ ನೋಡಾಕ ಚೆಂದ, ವಸ್ತಿಗೆ ಬ್ಯಾಡ!

ಚಳಿಗಾಲ ಬಂತೆಂದರೆ ಬಾಗಲಕೋಟೆ ಜಿಲ್ಲೆಯ ಮಂದಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಂಡು ಬಂದವರು ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಡುತ್ತಾರೆ. ಇಳಕಲ್, ಹುನಗುಂದದ ಅಂಗಡಿಕಾರರು ಒಂದು ದಿನ ಕದ ಹಾಕಿ, ರೊಟ್ಟಿಬುತ್ತಿ ಕಟ್ಟಿಕೊಂಡು ಐಹೊಳೆ, ಕೂಡಲಸಂಗಮದ ಬಸ್ಸು ಹತ್ತುತ್ತಾರೆ. ಹೊಸ ಹುಡುಗರು ಬಟ್ಟೆಯ ಡೇರೆ ಹಾಕಿ ‘ಕ್ಯಾಂಪ್’ ಅನ್ನುತ್ತಾರೆ. ಹಿರಿಯರು ತಾಡಪತ್ರಿ ಕಟ್ಟಿ ‘ವಸ್ತಿ’ ಅನ್ನುತ್ತಾರೆ. ಹೆಸರು ಯಾವುದಾದರೇನು, ಪ್ರಶ್ನೆ ಒಂದೇ: ರಾತ್ರಿ ಎಲ್ಲಿ ಮಲಗೋದು?

ನೀರು ಬೇಕು, ಹೊಳೆ ಪಕ್ಕವೇ ಇಳಿಯೋಣ ಅನ್ನುವುದು ಎಲ್ಲರ ಮೊದಲ ವಿಚಾರ. ಎಡವುವುದೂ ಅಲ್ಲೇ. ಮಲಪ್ರಭೆ ಹುಟ್ಟುವುದು ದೂರದ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪಟ್ಟದಕಲ್ಲಿನಲ್ಲಿ ಬಿಸಿಲು ಕಾಯುತ್ತಿದ್ದರೂ ಅಲ್ಲಿ ಮಳೆ ಜಡಿದು, ನವಿಲುತೀರ್ಥ ಅಣೆಕಟ್ಟಿನ ಗೇಟು ಎತ್ತಿದರೆ ನೀರು ಇಲ್ಲಿಗೆ ಬಂದೇ ಬರುತ್ತದೆ. ಗೇಟು ಮುಚ್ಚಿದ್ದರೂ ಬೆಣ್ಣಿಹಳ್ಳ ಉಕ್ಕಿದರೆ ಸಾಕು. ಅದು ಅಣೆಕಟ್ಟಿನ ಕೆಳಗೆ ಹೊಳೆ ಸೇರುತ್ತದೆ.

2009ರ ನೆರೆಯನ್ನು ಈ ಭಾಗದವರು ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿತ್ತು. ಚಾಲುಕ್ಯರ ಕಲ್ಲುಗುಡಿ ನೀರಲ್ಲೂ ನಿಲ್ಲುತ್ತದೆ, ತಾಡಪತ್ರಿ ನಿಂತೀತೆ?

ಜೂನ್‌ನಿಂದ ಅಕ್ಟೋಬರ್‌ವರೆಗೆ ದಂಡೆಯ ವಸ್ತಿ ಬೇಡವೇ ಬೇಡ. ಉಳಿದ ತಿಂಗಳಲ್ಲೂ ದಂಡೆಯ ಜಾಲಿಗಿಡ ನೋಡಿರಿ. ಕೊಂಬೆಗೆ ಕಸಕಡ್ಡಿ ಸಿಕ್ಕಿದೆಯೆ? ಅಷ್ಟೆತ್ತರ ನೀರು ಬಂದಿತ್ತೆಂದೇ ಅರ್ಥ. ಅದಕ್ಕಿಂತ ಮೇಲೆ ಹಾಸಿಗೆ ಹಾಸಬೇಕು. ಆಲಮಟ್ಟಿ ಹಿನ್ನೀರಿನ ಬದಿಯ ಕಥೆ ಬೇರೆ. ನೀರು ಹಿಂದೆ ಸರಿದ ಜಾಗ ಮೇಲೆ ಒಣಗಿ ಬಿರಿದಿದ್ದರೂ ಒಳಗೆ ರಾಡಿ. ಮಕ್ಕಳನ್ನು ಅಲ್ಲಿ ಆಡಲು ಬಿಟ್ಟು ಒಲೆಯ ಮುಂದೆ ಕೂರಬಾರದು.

ಗುಡ್ಡವಾದರೆ ಹೇಗೆ?

ಬಾದಾಮಿಯ ಕೆಂಪು ಬಂಡೆಗಳು ಚಳಿಗಾಲದಲ್ಲಿ ಹಿತ. ಮಾರ್ಚ್ ದಾಟಿತೋ, ಹಗಲು ಕುಡಿದ ಬಿಸಿಲನ್ನು ಬಂಡೆ ರಾತ್ರಿಯೆಲ್ಲ ಕಾರುತ್ತದೆ. ಮಳೆಗಾಲದಲ್ಲಿ ಮೇಲಿನ ನೀರೆಲ್ಲ ಸಂದಿಗಳಲ್ಲೇ ಇಳಿಯುತ್ತದೆ. ಸಿದ್ಧನಕೊಳ್ಳದ ಹೆಸರಲ್ಲೇ ಕೊಳ್ಳ ಇದೆ. ಮೋಡ ಕಂಡರೆ ಅಲ್ಲಿಂದ ಮೇಲೇಳಬೇಕು. ಒಲೆ ಹಚ್ಚುವ ಮುಂಚೆ ತಲೆ ಎತ್ತಿ ನೋಡಿರಿ, ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಹೊಗೆ ತಾಗಿದ ಕ್ಷಣ ಮುತ್ತಿಕೊಳ್ಳುತ್ತದೆ. ಬುತ್ತಿ ಗಂಟು ಬಿಚ್ಚಿಟ್ಟು ಆಕಡೆ ಈಕಡೆ ಹೋದಿರೋ, ಬಾದಾಮಿ ಮಂಗ್ಯಾಗಳು ಪಂಕ್ತಿಗೆ ಕೂತಂತೆಯೇ!

ಇನ್ನೊಂದು ಮಾತು. ಗುಹಾಲಯ, ಪಟ್ಟದಕಲ್ಲು, ಐಹೊಳೆಯ ಗುಡಿಗಳು ಪುರಾತತ್ವ ಇಲಾಖೆಯ ವಶದಲ್ಲಿವೆ. ಬೇಲಿಯೊಳಗೆ ಅಡುಗೆ, ವಸ್ತಿ ನಡೆಯದು. ಸಾವಿರ ವರ್ಷ ಮೀರಿದ ಗೋಡೆಗೆ ಒಲೆಯ ಮಸಿ ಹತ್ತಿದರೆ ಉಜ್ಜಿ ತೆಗೆಯುವುದು ಸುಲಭವಲ್ಲ. ಅರಣ್ಯದ ಜಾಗಕ್ಕೆ ಇಲಾಖೆಯ ಅನುಮತಿ ಬೇಕು. ಖಾಸಗಿ ಹೊಲವಾದರೆ ಮಾಲಕರನ್ನು ಕೇಳಬೇಕು. ಒಕ್ಕಣೆ ಮುಗಿದ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆ ನೆಲ ಇಲ್ಲ: ಸಮತಟ್ಟು, ಗಟ್ಟಿ, ಸ್ವಚ್ಛ. ಎರೆಹೊಲ ಮಾತ್ರ ನಂಬಬೇಡಿ. ಒಂದು ಅಡ್ಡಮಳೆ ಬಿದ್ದರೆ ಚಪ್ಪಲಿಯೂ ಏಳದು, ಟೆಂಪೊ ಗಾಲಿಯೂ ತಿರುಗದು.

ಜಾತ್ರೆಯ ವಸ್ತಿ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಜಾಗಕ್ಕಿಂತ ಗುರುತು ಮುಖ್ಯ. ರಾತ್ರಿ ನಾಟಕ ಬಿಟ್ಟ ಮೇಲೆ ಸಾವಿರಾರು ಮಂದಿಯಲ್ಲಿ ಎಲ್ಲ ತಾಡಪತ್ರಿಯೂ ಒಂದೇ ಥರ ಕಾಣುತ್ತವೆ. ಯಾವ ನಾಟಕ ಕಂಪನಿಯ ಎಡಕ್ಕೆ, ಯಾವ ಮರದ ಬುಡಕ್ಕೆ ಎಂದು ಮಕ್ಕಳ ಬಾಯಲ್ಲಿ ಎರಡು ಸಲ ಹೇಳಿಸಬೇಕು. ಅವರ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ ಇಡಬೇಕು. ವಾಹನ ಹಿಂದೆ-ಮುಂದೆ ಸರಿಯುವ ಜಾಗದಲ್ಲಿ ಮಲಗಬಾರದು. ಚಾಲಕನಿಗೆ ಕತ್ತಲಲ್ಲಿ ಕೌದಿ ಹೊದ್ದವರು ಕಾಣುವುದಿಲ್ಲ.

ಎಲ್ಲಿಯೇ ಇಳಿಯಿರಿ, ಬೆಳಕಿರುವಾಗಲೇ ಇಳಿಯಿರಿ. ಕಲ್ಲಿನ ಗುಂಪು, ಕಟ್ಟಿಗೆ ರಾಶಿ, ಹುತ್ತದಿಂದ ದೂರ ಇರಿ. ಚಪ್ಪಲಿ ಝಾಡಿಸಿ ಮೆಟ್ಟಿರಿ, ಬ್ಯಾಟರಿ ಇಲ್ಲದೆ ಏಳಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸುವುದು ಏನೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, 108ಕ್ಕೆ ಫೋನ್ ಮಾಡಿ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ಜಾಗ ಆರಿಸುವಾಗ ಗಾಡಿ ರಸ್ತೆ ಎಷ್ಟು ದೂರ, ಫೋನ್ ಹತ್ತುತ್ತದೆಯೆ ಎಂದು ಮೊದಲೇ ನೋಡಿಕೊಳ್ಳಬೇಕು.

ಜನರಷ್ಟೇ ಜಾಗ್ರತೆ ವಹಿಸಿದರೆ ಸಾಲದು. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ದಂಡೆಯ ಊರುಗಳಲ್ಲಿ ಡಂಗುರವಾಗುವಂತೆ ಯಾತ್ರಿಕರು ಇಳಿಯುವ ಘಟ್ಟಗಳಲ್ಲೂ ಆಗಬೇಕು. ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲೊಂದು ಕಂಬಕ್ಕೆ ಕೆಂಪು ಗೆರೆ ಎಳೆದರೆ ಖರ್ಚು ಒಂದು ಡಬ್ಬಿ ಬಣ್ಣದ್ದು. ಪರ ಊರಿನವನಿಗೆ ಅದು ಸಾವಿರ ಮಾತಿಗಿಂತ ಬೇಗ ತಿಳಿಯುತ್ತದೆ.