ಸೊಳ್ಳೆಗೆ ಹೊಡೆದ ಔಷಧಿ, ಮರಕ್ಕೆ ಬಂದ ಕೇಡು

ಆಹಾರ ಸರಪಳಿಯ ಒಂದು ಪೋಷಣಾ ಸ್ತರದ ಜೀವಿಗಳನ್ನೆಲ್ಲ ಕೊಂದರೆ ಏನಾಗುತ್ತದೆ? ಹತ್ತನೆಯ ತರಗತಿಯ ‘ನಮ್ಮ ಪರಿಸರ’ ಪಾಠದಲ್ಲಿ ಬರುವ ಈ ಪ್ರಶ್ನೆಗೆ ಮಕ್ಕಳು ಸಾಮಾನ್ಯವಾಗಿ ‘ಸಮತೋಲನ ತಪ್ಪುತ್ತದೆ’ ಎಂದು ಬರೆಯುತ್ತಾರೆ. ನಾವೂ ಅಂಕ ಕೊಡುತ್ತೇವೆ. ಆದರೆ ಯಾವುದು ಹೆಚ್ಚಿತು, ಯಾವುದು ಕಡಿಮೆಯಾಯಿತು, ಏಕೆ ಎಂಬುದು ಆ ಉತ್ತರದಲ್ಲಿಲ್ಲ. ಇದನ್ನು ತಿಳಿಸಲು ಉತ್ತರ ಅಮೆರಿಕದ ಒಂದು ಪುಟ್ಟ ಕೀಟ ಒಳ್ಳೆಯ ಉದಾಹರಣೆ.

ಸ್ಪ್ರೂಸ್ ಮತ್ತು ಪೈನ್ ಚಳಿನಾಡಿನ ಮರಗಳು. ಇವುಗಳ ಎಲೆ ಸೂಜಿಯಂತಿರುತ್ತದೆ. ಈ ಎಲೆಗಳ ಮೇಲೆ ಸುಣ್ಣದ ಚುಕ್ಕೆಯಂತೆ ಕಾಣುವುದೇ ಪೈನ್ ಸೂಜಿ ಶಲ್ಕ ಕೀಟ. ಹೆಣ್ಣಿನ ಬಿಳಿ ಹೊದಿಕೆಯ ಉದ್ದ ಸುಮಾರು 3 ಮಿ.ಮೀ. ಚಳಿಗಾಲದಲ್ಲಿ ತಾಯಿ ಸತ್ತರೂ ಅದರ ಹೊದಿಕೆಯಡಿ ಮೊಟ್ಟೆಗಳು ಸುರಕ್ಷಿತವಾಗಿರುತ್ತವೆ. ವಸಂತದಲ್ಲಿ ಹೊರಬರುವ ಕೆಂಪು ಮರಿಗಳು ಸ್ವಲ್ಪ ಕಾಲ ಓಡಾಡಿ, ಒಂದೆಡೆ ಬಾಯಿಯ ಕೊಳವೆ ಚುಚ್ಚಿ ರಸ ಹೀರತೊಡಗುತ್ತವೆ. ಹೆಣ್ಣು ಮರಿ ಮುಂದೆ ಕಾಲುಗಳನ್ನು ಕಳೆದುಕೊಂಡು, ಹೊದಿಕೆ ಕಟ್ಟಿಕೊಂಡು, ಜೀವನವಿಡೀ ಅಲ್ಲೇ ಉಳಿಯುತ್ತದೆ. ಕೀಟ ಹೆಚ್ಚಾದರೆ ಎಲೆ ಹಳದಿಯಾಗಿ ಉದುರುತ್ತದೆ.

ಇದಕ್ಕೆ ಶತ್ರುಗಳಿವೆ. ಗುಲಗಂಜಿ ಹುಳುಗಳು ಇದನ್ನು ತಿನ್ನುತ್ತವೆ. ಅತಿ ಸಣ್ಣ ಪರತಂತ್ರ ಕಣಜಗಳ ಮರಿಗಳು ಶಲ್ಕ ಕೀಟವನ್ನೇ ತಿಂದು ಬೆಳೆಯುತ್ತವೆ. ಹೊದಿಕೆಯಲ್ಲಿ ದುಂಡು ರಂಧ್ರ ಕಂಡರೆ ಕಣಜ ಹೊರಬಂದಿದೆ ಎಂದರ್ಥ.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋ ಊರಿನಲ್ಲಿ ಸೊಳ್ಳೆ ಕೊಲ್ಲಲು ಮೆಲಾಥಿಯಾನ್ ಸಿಂಪಡಿಸುತ್ತಿದ್ದರು. ಅಲ್ಲಿನ ಪೈನ್ ಮರಗಳಲ್ಲಿ ಈ ಶಲ್ಕ ಕೀಟ ವಿಪರೀತವಾಯಿತು. ಸಿಂಪಡಣೆ ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಶತ್ರು ಕೀಟಗಳು ಮರಳಿದವು, ಶಲ್ಕ ಕೀಟ ತಾನಾಗಿ ಇಳಿಯಿತು. ಲಕ್ ಮತ್ತು ಡಾಲ್‌ಸ್ಟನ್ ಎಂಬ ವಿಜ್ಞಾನಿಗಳು 1975ರಲ್ಲಿ ‘ಇಕಾಲಜಿ’ ಪತ್ರಿಕೆಯಲ್ಲಿ ಇದನ್ನು ದಾಖಲಿಸಿದರು.

ಕಾರಣ ಸರಳ. ಶಲ್ಕ ಕೀಟ ಬಹುಕಾಲ ಹೊದಿಕೆಯಡಿ ಇರುತ್ತದೆ. ಅದನ್ನು ಹುಡುಕುತ್ತ ಎಲೆಯ ಮೇಲೆ ನಡೆದಾಡುವ ಗುಲಗಂಜಿ ಹುಳು ಮತ್ತು ಕಣಜಕ್ಕೆ ಔಷಧಿ ನೇರವಾಗಿ ತಗಲುತ್ತದೆ. ಮೂರನೆಯ ಸ್ತರ ಕುಗ್ಗಿತು, ಎರಡನೆಯದು ಹಿಗ್ಗಿತು, ಮೊದಲನೆಯದಾದ ಮರ ಸೊರಗಿತು.

ತರಗತಿಯಲ್ಲಿ ‘ಎಲೆ → ಶಲ್ಕ ಕೀಟ → ಗುಲಗಂಜಿ ಹುಳು’ ಎಂದು ಕಪ್ಪುಹಲಗೆಯಲ್ಲಿ ಬರೆದು, ‘ಸೊಳ್ಳೆಗೆ ಹೊಡೆದ ಔಷಧಿಯಿಂದ ಮರ ಏಕೆ ಹಳದಿಯಾಯಿತು?’ ಎಂದಷ್ಟೇ ಕೇಳಬಹುದು. ಉತ್ತರವನ್ನು ನಾವು ಹೇಳದೆ, ಒಂದೊಂದು ಸ್ತರದಲ್ಲೂ ಹೆಚ್ಚಳವೋ ಇಳಿಕೆಯೋ ಎಂದು ಮಕ್ಕಳಿಂದಲೇ ಗುರುತು ಹಾಕಿಸಬೇಕು. ಮುಂದಿನ ಅವಧಿಯಲ್ಲಿ ಶಾಲೆಯ ದಾಸವಾಳ ಗಿಡದ ಹಿಟ್ಟು ತಿಗಣೆಯನ್ನು ಭೂತಗನ್ನಡಿಯಲ್ಲಿ ತೋರಿಸಬಹುದು; ಅದೂ ಶಲ್ಕ ಕೀಟಗಳ ಬಳಗವೇ. ಆದರೆ ಅದು ಸಿಹಿ ಅಂಟು ಸೂಸುವುದರಿಂದ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ಪೈನ್ ಸೂಜಿ ಶಲ್ಕ ಕೀಟ ಅಂಟು ಸೂಸುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಬೇಕು.

‘ಔಷಧಿಯೇ ಕೆಟ್ಟದ್ದು’ ಎಂದು ಪಾಠ ಮುಗಿಸುವುದೂ ಸರಿಯಲ್ಲ. ಸೊಳ್ಳೆ ನಿಯಂತ್ರಣ ನಮಗೂ ಬೇಕು. ಯಾವ ಜೀವಿಗೆ, ಯಾವ ಹಂತದಲ್ಲಿ, ಇನ್ನಾರಿಗೆ ತಗಲುತ್ತದೆ ಎಂದು ಕೇಳುವ ಅಭ್ಯಾಸ ಮಕ್ಕಳಲ್ಲಿ ಬೆಳೆದರೆ ಪಾಠದ ಉದ್ದೇಶ ಈಡೇರುತ್ತದೆ.